ದುಗ್ಗಪ್ಪನ ಕಿವಿ

ಕೋಟೇಶ್ವರದ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಮೂವತ್ತು ವರ್ಷ ಕಾರು ರಿಪೇರಿ ಮಾಡಿದ ದುಗ್ಗಪ್ಪನಿಗೆ ಕೈಗಿಂತ ಕಿವಿಯಿಂದಲೇ ಹೆಚ್ಚು ಹೆಸರು ಬಂದದ್ದು. ಹಳೇ ಕಾಲದ ವಿಲಾಯಿತಿ ಕಾರುಗಳಿಗೆ ಸೈಕಲ್ಲಿಗಿದ್ದ ಹಾಗೆ ಕಡ್ಡಿಯ ಚಕ್ರ ಇರುತ್ತದಲ್ಲ, ಅದನ್ನು ಸಂಭಾಳಿಸುವವರು ಬ್ರಹ್ಮಾವರದಿಂದ ಬೈಂದೂರಿನವರೆಗೆ ಹುಡುಕಿದರೂ ಇವನೊಬ್ಬನೇ. ಚಕ್ರಕ್ಕೆ ಎಪ್ಪತ್ತೆರಡು ಕಡ್ಡಿ. ಸಣ್ಣ ಸ್ಪ್ಯಾನರಿನಿಂದ ಒಂದೊಂದನ್ನೇ ತಟ್ಟುತ್ತ ಹೋಗುವನು. ಬಿಗಿಯಿದ್ದರೆ ಟಿಣ್ ಎನ್ನಬೇಕು, ಸಡಿಲಾಗಿದ್ದರೆ ಠಪ್ ಎಂಬ ಸತ್ತ ಸದ್ದು. ಒಂದೇ ಒಂದು ಕಡ್ಡಿ ತಪ್ಪು ನುಡಿದರೂ ಇವನು ಹಿಡಿದುಬಿಡುವನು. ದೇವಸ್ಥಾನದಲ್ಲಿ ವಾದ್ಯ ಬಾರಿಸುತ್ತಿದ್ದ ಮನೆತನ, ಕಿವಿ ರಕ್ತದಲ್ಲೇ ಬಂದದ್ದು ಎಂದು ಜನ ಹೊಗಳುವರು. ಹೊಗಳಿಕೆ ಯಾರಿಗೆ ಬೇಡ? ದುಗ್ಗಪ್ಪನೂ ಅದನ್ನು ಕೇಳಿ ಕೇಳಿ ಉಬ್ಬಿದವನೇ.

ಆ ಕಿವಿ ಎರಡು ವರ್ಷದಿಂದ ಕೈ ಕೊಟ್ಟಿತ್ತು. ಎದುರಿನವರ ಮಾತು ಕೇಳುತ್ತಿತ್ತು, ಲಾರಿಯ ಹಾರನ್ ಕೇಳುತ್ತಿತ್ತು. ಕುಕ್ಕರಿನ ವಿಸಿಲ್, ಹಕ್ಕಿಯ ಕೂಗು, ಕಡ್ಡಿಯ ಸದ್ದು, ಇಂಥ ಸಪೂರ ಸದ್ದುಗಳೆಲ್ಲ ಒಂದೊಂದಾಗಿ ಬಿಟ್ಟುಹೋಗಿದ್ದವು. ಟಿಣ್ ಆಗಲಿ ಠಪ್ ಆಗಲಿ, ಈಗ ಅವನಿಗೆ ಎರಡೂ ಒಂದೇ. ಹೆಂಡತಿ ಸುಗುಣಳಿಗೂ ಅವನು ಇದನ್ನು ಹೇಳಿರಲಿಲ್ಲ. ಕಿವಿ ಹೋದ ದುಗ್ಗಪ್ಪನ ಶೆಡ್ಡಿಗೆ ಯಾರು ಬರುತ್ತಾರೆ ಎಂಬ ಹೆದರಿಕೆ. ಕಡ್ಡಿಗಳನ್ನು ಬೆರಳಿನಲ್ಲಿ ಹಿಚುಕಿ ಬಿಗಿ ಅಂದಾಜು ಮಾಡುವುದನ್ನು ಕಲಿತ. ಜನರೆದುರು ಮಾತ್ರ ಮೊದಲಿನ ಹಾಗೇ ತಟ್ಟಿ, ತಲೆ ಓರೆ ಮಾಡಿ ಆಲಿಸುವ ನಾಟಕ ಆಡುತ್ತಿದ್ದ.

ಹೀಗಿರುವಾಗ ಕೋಟದ ಉಮಾನಾಥ ತನ್ನ ಹಸಿರು ಕಾರನ್ನು ತಂದು ನಿಲ್ಲಿಸಿದ. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವನು. ಮಗಳು ಕ್ಷಮಾಳ ಮದುವೆ ಬೈಂದೂರಿನಾಚೆಯ ಶಿರೂರಿನಲ್ಲಿ, ಮದುಮಗಳು ಇದೇ ಕಾರಿನಲ್ಲಿ ಹೋಗಬೇಕೆಂದು ಅವನ ಹಟ. ದುಗ್ಗಪ್ಪ ತಾಮ್ರದ ಸುತ್ತಿಗೆಯಿಂದ ನಡುವಿನ ರೆಕ್ಕೆಯಾಕಾರದ ನಟ್ಟನ್ನು ಬಡಿದು ಬಿಚ್ಚಿ, ಚಕ್ರ ಎಳೆದು ನೋಡಿದ. ಅಚ್ಚಿಗೆ ಕಚ್ಚುವ ಒಳಗಿನ ಹಲ್ಲುಗಳು ಗ್ರೀಸಿಲ್ಲದೆ ಒಣಗಿ, ಕುಂಕುಮದಂಥ ತುಕ್ಕಿನ ಪುಡಿ ಕೈಗೆ ಮೆತ್ತಿತು. ಯಾಕೋ ಅವನ ಮನಸ್ಸಿಗೆ ಸರಿಬರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಬ್ರಷ್ಷಿನಲ್ಲಿ ಉಜ್ಜಿ, ಹಲ್ಲು ಹಲ್ಲಿಗೂ ಹೊಸ ಗ್ರೀಸ್ ಹಚ್ಚಿದ. ಹಿಂದಿನ ಎಡಗಾಲಿ ತಿರುಗುವಾಗ ಸ್ವಲ್ಪ ಓಲಾಡುತ್ತಿತ್ತು. ಅದನ್ನು ನೇರಕ್ಕೆ ತರಲು ಒಂದು ಬದಿಯ ನಾಲ್ಕು ಕಡ್ಡಿ ಸಡಿಲಿಸಿದ. ಅಷ್ಟರಲ್ಲಿ ಸುಗುಣ ಊಟಕ್ಕೆ ಕರೆದಳು, ಎದ್ದು ಹೋದ. ಊಟ ಮಾಡಿ ಬಂದವನು ಮುಂದಿನ ಗಾಲಿ ಹಿಡಿದ. ಮೊದಲಾಗಿದ್ದರೆ ಇಂಥ ಮರೆವು ಏನೂ ಮಾಡುತ್ತಿರಲಿಲ್ಲ, ಕೊನೆಗೆ ತಟ್ಟುವಾಗ ಕಿವಿಯೇ ಹೇಳುತ್ತಿತ್ತು.

ಮದುವೆಯ ಬೆಳಿಗ್ಗೆ ದಿಬ್ಬಣದ ಬಸ್ಸು ನೇರ ಮುಂದಕ್ಕೆ ಹೋಯಿತು. ಕಾರು ಒಯ್ಯಲು ಉಮಾನಾಥ ಮಗಳೊಂದಿಗೆ ರಿಕ್ಷಾದಿಂದ ಶೆಡ್ಡಿನ ಮುಂದೆ ಇಳಿದ.

"ಹ್ವಾಯ್ ದುಗ್ಗಪ್ಪ, ಒಂದ್ಸಲ ತಟ್ಟಿ ಕಾಣ್ ಮರಾಯ. ಹೆಣ್ಣ್ ಕೂಕಂಬ ಕಾರ್. ಸರಿ ಇತ್ತ್ ಅಂದೇಳಿ ನಿನ್ ಬಾಯಂಗೇ ಬರ್ಕ್."

ದುಗ್ಗಪ್ಪ ನಾಲ್ಕೂ ಗಾಲಿಗೆ ಸುತ್ತು ಬಂದು ತಟ್ಟಿದ, ತಲೆ ಓರೆ ಮಾಡಿದ. "ಹೋಯ್ಲಕ್ಕ್. ಎಲ್ಲ ಸರಿ ಇತ್ತ್" ಎಂದು ಹೊರಡಲು ಒಪ್ಪಿಗೆ ಕೊಟ್ಟ. ಶೆಡ್ಡಿಗೆ ತಾಗಿದ ಮನೆಯ ಜಗಲಿಯಲ್ಲಿ ನಿಂತಿದ್ದ ಸುಗುಣ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಉಮಾನಾಥ ಸ್ಟೀರಿಂಗ್ ಹಿಡಿದ, ಕಾರು ನಿಂಬೆಹಣ್ಣು ಜಜ್ಜಿ ರಸ್ತೆಗೆ ಇಳಿಯಿತು.

ಮುಕ್ಕಾಲು ಗಂಟೆ ಅವಳು ಒಳಗೂ ಹೊರಗೂ ತಿರುಗಿದಳು. ಕೊನೆಗೆ ತಡೆಯಲಾರದೆ ಶೆಡ್ಡಿಗೆ ಬಂದು ಕೇಳಿದಳು, "ಹಿಂದಿನ್ ಎಡಗಾಲಿಯಂಗೆ ನಾಲ್ಕ್ ಕಡ್ಡಿ ಸಾಲಾಗಿ ಠಪ್ ಠಪ್ ಅಂದಿತ್ತಲೆ. ನೀವ್ ಎಂತಕ್ಕೆ ಬಿಗಿಲಿಲ್ಲೆ?"

ದುಗ್ಗಪ್ಪನಿಗೆ ಅರ್ಧಕ್ಕೆ ಬಿಟ್ಟೆದ್ದ ಕೆಲಸ ಕಣ್ಣಿಗೆ ಕಟ್ಟಿತು. "ಆಗ್ಳೇ ಹೇಳುಕ್ ಎಂತ ಆಯ್ತ್ ನಿಂಗೆ?"

"ಮದಿಗ್ ಹೊರಟ್ ಹೆಣ್ಣನ್ನ್ ಹಿಂದಿಂದ ಕರೂಕಾತ್ತಾ? ಅಪಶಕುನ ಅಲ್ದಾ? ನಂಗೇ ಕೇಂಡದ್ದ್ ನಿಮ್ಗೆ ಕೇಣದೇ ಇರತ್ತಾ ಅಂದ್ಕಂಡೆ."

"ನಂಗೆ ಕೇಂತಿಲ್ಲೆ ಸುಗುಣ. ಎರಡ್ ವರ್ಷ ಆಯ್ತ್."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ನಾಲ್ಕು ಕಡ್ಡಿಯ ಭಾರ ಪಕ್ಕದವುಗಳ ಮೇಲೆ ಬೀಳುತ್ತದೆ, ಅವು ಒಂದೊಂದಾಗಿ ಕಡಿಯುತ್ತವೆ, ಆಮೇಲೆ ಚಕ್ರವೇ ಮಡಚಿಕೊಳ್ಳುತ್ತದೆ. ಇದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಉಮಾನಾಥನಿಗೆ ಫೋನು ಮಾಡಿದ. ಐದು ಸಲ ಯಾರೂ ಎತ್ತಲಿಲ್ಲ. ಆರನೆಯ ಸಲ ಕ್ಷಮಾ ಎತ್ತಿದಳು. ಫೋನಿನ ಮಾತು ಅವನ ಕಿವಿಗೆ ಸಿಗದ ಕಾರಣ ಸುಗುಣ ಸ್ಪೀಕರ್ ಹಾಕಿ, ಹುಡುಗಿ ಹೇಳಿದ್ದನ್ನೆಲ್ಲ ಅವನಿಗೆ ಜೋರಾಗಿ ಹೇಳತೊಡಗಿದಳು. ಕಾರು ಬೈಂದೂರು ದಾಟಿ ಒತ್ತಿನೆಣೆ ಗುಡ್ಡ ಹತ್ತಿತ್ತಂತೆ, ಇನ್ನು ಇಳಿಯುವುದೊಂದೇ.

"ಹೆಣೆ, ಕಾರ್ ನಿಲ್ಸುಕ್ ಹೇಳ್ ಅಪ್ಪನತ್ರ! ಕಡ್ಡಿ ಸಡ್ಲ ಇತ್ತ್. ನಂಗೆ ಕೆಮಿ ಕೇಂತಿಲ್ಲೆ, ಸುಳ್ಳೇ ಸರಿ ಇತ್ತ್ ಅಂದೆ!" ಎಂದು ದುಗ್ಗಪ್ಪ ಕಿರುಚಿದ. ಮೂವತ್ತು ವರ್ಷದ ಮಾನ ಅದೇ ಮಾತಿನಲ್ಲಿ ಹೋಯಿತು. ಹೋಗಲಿ, ಹುಡುಗಿ ಉಳಿದರೆ ಸಾಕು ಎಂದುಕೊಂಡ.

ಆ ಕಡೆ ತಂದೆ ಮಗಳು ಇಬ್ಬರೂ ನಕ್ಕರು. ದುಗ್ಗಪ್ಪನಿಗೆ ಕೇಳುವುದಿಲ್ಲ ಎಂದರೆ ಈ ಊರಿನಲ್ಲಿ ಯಾರು ನಂಬುತ್ತಾರೆ? "ಮುಹೂರ್ತಕ್ಕೆ ಹೊತ್ತಾಯ್ತ್, ತಮಾಷಿ ಸಾಕ್ ಅನ್ ಅವ್ನಿಗೆ. ಊಟಕ್ ಬಪ್ಪುಕ್ ಹೇಳ್" ಎಂದ ಉಮಾನಾಥ.

"ಆದ್ರೆ ಮಾಮ" ಎಂದಳು ಕ್ಷಮಾ, "ಹಿಂದಿಂದ ಆಗ್ಳಿಂದ ಎಂತದೋ ಟಣ್ ಟಣ್ ಅಂತಿತ್ತ್. ಅಪ್ಪಯ್ಯ ಗ್ರೀಸಿನ್ ಶಬ್ದ ಅಂತ್ರ್. ತಡಿನಿ, ಕಿಟಕಿಯಿಂದ ಹೊರಗ್ ಹಿಡಿತೆ. ನೀವೇ ಕೇಂಡ್ ಹೇಳಿ."

ಫೋನಿನಲ್ಲಿ ಗಾಳಿ ತುಂಬಿತು. ದುಗ್ಗಪ್ಪ ಅದನ್ನು ಕಿವಿಗೆ ಒತ್ತಿಕೊಂಡ. ಗಾಳಿಯ ಮೊರೆತ ಬಿಟ್ಟರೆ ಏನೂ ಕೇಳಿಸಲಿಲ್ಲ. ತಲೆಯೆತ್ತಿ ಸುಗುಣಳ ಮುಖ ನೋಡಿದ. ಕಡ್ಡಿಗಳು ಕಡಿಯುವ ಸದ್ದು ಕೇಳುತ್ತ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. "ನಿಲ್ಸಿ! ನಿಲ್ಸಿ!" ಎಂದು ಅವನು ಗಂಟಲು ಹರಿಯುವ ಹಾಗೆ ಕೂಗಿದ. ಹುಡುಗಿಗೆ ಅದು ಕೇಳಲಿಲ್ಲ, ಅವಳು ಫೋನನ್ನು ಇನ್ನೂ ಕಿಟಕಿಯ ಹೊರಗೆ, ಚಕ್ರದ ಕಡೆಗೇ ಹಿಡಿದಿದ್ದಳು.