ಹೋಗಿ ಬರುವ ಊರು

ಜಪಾನಿನ ಆ ಊರಿನಲ್ಲಿ ದಾರಿ ಕೇಳಿದರೆ ಎಡ, ಬಲ ಎನ್ನುತ್ತಿರಲಿಲ್ಲ. ಬೆಟ್ಟದ ಕಡೆ ಹೋಗಿ, ಇಲ್ಲವೇ ನದಿಯ ಕಡೆ ಹೋಗಿ ಎನ್ನುತ್ತಿದ್ದರು. ಬೆಟ್ಟವೋ, ಮನಸ್ಸು ಬಂದರೆ ಕಾಣುವುದು, ಇಲ್ಲದಿದ್ದರೆ ವಾರವಿಡೀ ಮಂಜಿನೊಳಗೆ ಮಲಗಿರುವುದು. ನಾನು ಸಂಶೋಧನಾ ಸಂಸ್ಥೆಗೆ ಸೈಕಲ್ ತುಳಿದರೆ ರಸ್ತೆ ಪಕ್ಕದ ಕಾಲುವೆಯಲ್ಲಿ ಹಿಮ ಕರಗಿದ ನೀರು ಜೊತೆಗೇ ಹರಿದು ಬರುತ್ತಿತ್ತು. ಅರ್ಧ ಅಂಗಡಿಗಳು ಬಾಗಿಲು ಹಾಕಿದ ಪೇಟೆ, ಗಂಟೆಗೊಂದು ರೈಲು. ಸಂಜೆ ಮಕ್ಕಳನ್ನು ಮನೆಗೆ ಕರೆಯಲು ಕಂಬದ ಸ್ಪೀಕರಿನಿಂದ ಒಂದು ರಾಗ ತೇಲಿ ಬರುತ್ತಿತ್ತು. ಬೆಟ್ಟಕ್ಕೆ ತಾಗಿ ತುಸು ತಡವಾಗಿ ಇನ್ನೊಮ್ಮೆ ಕೇಳಿಸುತ್ತಿತ್ತು. ಆ ಎರಡನೆಯದು ಮುಗಿಯುವವರೆಗೂ ನಾನು ಸೈಕಲ್ ನಿಲ್ಲಿಸಿಕೊಂಡು ನಿಂತಿರುತ್ತಿದ್ದೆ. ಈಗ ನೆನೆದರೆ, ಆ ಊರನ್ನು ಎಚ್ಚರದಲ್ಲಿ ನೋಡಿದ್ದೆನೋ ನಿದ್ದೆಗಣ್ಣಿನಲ್ಲೋ ಎಂಬ ಅನುಮಾನ.

ಅಲ್ಲಿ ಮೊದಲು ಕಲಿತ ಮಾತು ‘ಇತ್ತೆಕಿಮಾಸ್’. ಅಂದರೆ ಹೋಗಿ ಬರುತ್ತೇನೆ. ಅಕ್ಷರಶಃ ನಮ್ಮದೇ ಮಾತು! ‘ಹೋಗ್ತೀನಿ ಅನ್ಬಾರ್ದು, ಬರ್ತೀನಿ ಅನ್ನು’ ಎಂದು ಬೈಸಿಕೊಂಡು ಬೆಳೆದವಳು ನಾನು. ಹಿಗ್ಗಿ ಹೀರೇಕಾಯಿಯಾಗಿ, ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಂಡು ಹೊರಡುವಾಗಲೂ ಹೇಳಿದೆ, ಹಲ್ಲಿನ ಡಾಕ್ಟರಿಗೂ ಹೇಳಿದೆ. ಪಾಪ, ಡಾಕ್ಟರು ಮಾಸ್ಕಿನೊಳಗೇ ನಕ್ಕಿರಬೇಕು.

ಕೊನೆಗೆ ತಿದ್ದಿದವರು ಪಕ್ಕದ ಮನೆಯ ಅಜ್ಜಿ. ನಾನು ಕೆಲಸದಿಂದ ಬರುವವರೆಗೆ ನನ್ನ ಪುಟ್ಟ ಮಗಳನ್ನು ನೋಡಿಕೊಳ್ಳುತ್ತಿದ್ದವರು ಅವರೇ.

“ಅದನ್ನ ಮನೆಯವರಿಗೆ ಮಾತ್ರ ಹೇಳೋದು. ವಾಪಸ್ ಬರೋ ಮನೆಗೆ,” ಎಂದರು ಜಪಾನಿಯಲ್ಲಿ.

ನನಗೆ ರೇಗಿತು. ನಾವು ಯಾರ ಮನೆಯಿಂದ ಹೊರಟರೂ ಬರ್ತೀನಿ ಅನ್ನುತ್ತೇವೆ, ಅದಕ್ಕೂ ರೇಷನ್ನೇ? ಜಪಾನಿಯಲ್ಲಿ ತಪ್ಪಾದರೆ ಕನ್ನಡದಲ್ಲೇ ಹೇಳುತ್ತೇನೆ ಎಂದು ಹಟ ಹಿಡಿದೆ. ಮಾರನೆಯ ದಿನದಿಂದ ಮಗಳನ್ನು ಬಿಟ್ಟು ಹೊರಡುವಾಗಲೆಲ್ಲ ಅವರ ಬಾಗಿಲಲ್ಲಿ ನಿಂತು “ಹೋಗಿ ಬರ್ತೀನಿ ಅಜ್ಜಿ” ಎನ್ನುತ್ತಿದ್ದೆ. ಅವರು ಒಣಗಿಸಲು ಇಟ್ಟ ಕಾಕಿ ಹಣ್ಣಿನ ಸಿಪ್ಪೆ ತೆಗೆಯುತ್ತಲೇ ತಲೆ ಬಾಗಿಸುತ್ತಿದ್ದರು, ಅಷ್ಟೇ.

ಮಗಳಿಗೆ ಕನ್ನಡವೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಜಪಾನಿಯಲ್ಲಿ. ನನಗೆ ದೂರದ ಸೆಂಡಾಯ್ ನಗರದಲ್ಲಿ ಕೆಲಸ ಸಿಕ್ಕಿತು, ಊರು ಬಿಡಬೇಕು ಎಂದ ದಿನದಿಂದ ಅವಳದು ಒಂದೇ ಮಾತು: ‘ಇಯಾ’, ಒಲ್ಲೆ. ಅಜ್ಜಿಯ ಮನೆಗೂ ಹೋಗಲೊಲ್ಲಳು. ಅಷ್ಟು ಅಕ್ಕರೆಯಿಂದ ನೋಡಿಕೊಂಡ ಜೀವಕ್ಕೆ ಒಂದು ಮಾತೂ ಹೇಳದೆ ಹೊರಟುಬಿಡುತ್ತಾಳೇನೋ ಎಂದು ನನಗೆ ಅದೇ ಚಿಂತೆ.

ಹೊರಡುವ ಬೆಳಿಗ್ಗೆ ಬೆಟ್ಟ ಕಾಣಲಿಲ್ಲ. ಅಜ್ಜಿ ಟ್ಯಾಕ್ಸಿಯ ಪಕ್ಕ ಬಂದು ನಿಂತರು. ಬಾಯಿಪಾಠ ಮಾಡಿದ್ದ ಬೀಳ್ಕೊಡುಗೆಯ ಜಪಾನಿ ವಾಕ್ಯಗಳನ್ನು ತಪ್ಪಿಲ್ಲದೆ ಒಪ್ಪಿಸಿ ಬಾಗಿದೆ. ಅವರೂ ಬಾಗಿದರು. ಎಲ್ಲ ಸರಿಯಾಗಿತ್ತು, ಏನೂ ಹೇಳಿದಂತಾಗಲಿಲ್ಲ.

“ಪುಟ್ಟಿ, ಅಜ್ಜಿಗೆ ಏನಾದ್ರೂ ಹೇಳೇ, ಪ್ಲೀಸ್.”

ಅವಳು ನನ್ನ ಕೋಟಿನಲ್ಲಿ ಮುಖ ಹುದುಗಿಸಿದಳು. ಹಾಗೆಯೇ ಎತ್ತಿ ಕೂರಿಸಿದೆ. ಟ್ಯಾಕ್ಸಿ ಇನ್ನೇನು ಹೊರಡಬೇಕು, ಕಿಟಕಿಯ ಗಾಜು ಇಳಿಸಿದಳು.

“ಹೋಗಿ ಬರ್ತೀನಿ ಅಜ್ಜಿ.”

ಅವಳ ಬಾಯಿಂದ ನಾನು ಕೇಳಿದ ಮೊದಲ ಇಡೀ ಕನ್ನಡ ವಾಕ್ಯ ಅದು. ನನಗೆ ಅಳು ಬಂತು. ಕನ್ನಡದ ಗಂಧವೂ ಇಲ್ಲದ ಆ ಅಜ್ಜಿ ಒಂದು ಕ್ಷಣವೂ ತಡೆಯಲಿಲ್ಲ. ಮನೆಯವರು ಮನೆಯವರಿಗೆ ಮಾತ್ರ ಕೊಡುವ ಉತ್ತರವನ್ನೇ ಕೊಟ್ಟರು.

“ಇತ್ತೆರಾಶ್ಶಾಯ್.” ಹೋಗಿ ಬಾ.