ಬಣ್ಣ ಹತ್ತುವ ತನಕ

ಅಕ್ಕನ ಕಣ್ಣು ಮಂಜಾಗುತ್ತಾ ಬಂದ ವರ್ಷ ನಾನು ಭಾನುವಾರ ಬಂತೆಂದರೆ ಚನ್ನರಾಯಪಟ್ಟಣದಿಂದ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗುತ್ತಿದ್ದೆ. ಅಕ್ಕ ಅಲ್ಲಿ ಕ್ರಾಫ್ಟ್ ಟೀಚರಾಗಿದ್ದು ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಹಾಸನದಲ್ಲಿ ಇಂಜೆಕ್ಷನ್ನು, ಲೇಸರ್ರು ಎಲ್ಲಾ ಆದ ಮೇಲೆ ಡಾಕ್ಟರು, ಇರುವುದನ್ನು ಉಳಿಸಿಕೊಂಡರೆ ಸಾಕು ಅಂದರು. ಅದೂ ಉಳಿಯಲಿಲ್ಲ.

ಮಕ್ಕಳಿಗೆ ತೋರಿಸಲೆಂದು ಅವಳು ಹಿಂದೆ ಅಚ್ಚಿನೊಳಗೆ ಫೈಬರ್ ಬಟ್ಟೆ ಹಾಸಿ, ಅಂಟು ಹಚ್ಚಿ ಒಂದು ತೋಳುದ್ದದ ದೋಣಿ ತೆಗೆದಿದ್ದಳು. ಬರಿಯ ಮೈ ಅಷ್ಟೆ. ಅಟ್ಟದಲ್ಲಿದ್ದ ಅದನ್ನು ಒಂದು ದಿನ ನನ್ನ ಕೈಲಿ ಇಳಿಸಿಕೊಂಡು, "ಬಣ್ಣ ಒಡಿಯಾನ ಕಣೋ" ಅಂದಳು.

ಮೊದಲು ಸೋಪಿನ ನೀರಲ್ಲಿ ಉಜ್ಜಿ ತೊಳೆದೆವು. ಅಚ್ಚಿಗೆ ಸವರಿದ ಮೇಣ ಮೈಗೆ ಅಂಟಿಕೊಂಡಿರುತ್ತದೆ, ಅದಿದ್ದರೆ ಬಣ್ಣ ಕಚ್ಚುವುದಿಲ್ಲ. ಆಮೇಲೆ ವಾಟರ್ ಪೇಪರ್ ಎಂಬ ಉಪ್ಪುಕಾಗದವನ್ನು ಒದ್ದೆ ಮಾಡಿಕೊಂಡು ತಿಕ್ಕುವುದು. ಆ ಕೆಲಸವನ್ನು ಅಕ್ಕ ನನ್ನ ಕೈಗೆ ಕೊಡಲಿಲ್ಲ. ಬಚ್ಚಲ ಪಕ್ಕದ ಕಟ್ಟೆಯ ಮೇಲೆ ಕೂತು, ದೋಣಿಯನ್ನು ತೊಡೆ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ತಿಕ್ಕುತ್ತಾ ಇನ್ನೊಂದು ಕೈಯಲ್ಲಿ ಸವರುತ್ತಾ ಹೋಗುತ್ತಿದ್ದಳು.

"ಇಲ್ ಮುಟ್ಟು. ಸೂಜಿ ಚುಚ್ಚಿದಂಗೆ ತೂತದೆ."

"ಎಲ್ಲಿ ಅಕ್ಕಾ? ನಂಗೆ ಕಾಣ್ತಿಲ್ವಲ್ಲ."

"ನಂಗೂ ಕಾಣಾಕಿಲ್ಲ ಕಣ್ಲಾ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅವಳು ಬೆರಳಿಟ್ಟ ಕಡೆ ನಾನು ಪುಟ್ಟಿ ತುಂಬುತ್ತಿದ್ದೆ. ಒಣಗಿದ್ದನ್ನು ಅವಳು ಮುಂದಿನ ಭಾನುವಾರದೊಳಗೆ ತಿಕ್ಕಿಡುತ್ತಿದ್ದಳು. ಪ್ರೈಮರ್ ಎಂಬ ತಳಬಣ್ಣ ಹೊಡೆದರೆ ಅವಳ ಬೆರಳಿಗೆ ಇನ್ನಷ್ಟು ಗೀರು, ಇನ್ನಷ್ಟು ತಗ್ಗು ಸಿಗುತ್ತಿತ್ತು. ಮತ್ತೆ ಪುಟ್ಟಿ, ಮತ್ತೆ ತಿಕ್ಕುವುದು. ಮಳೆಗಾಲ ಹೀಗೇ ಕಳೆಯಿತು. ಅವಳ ಬೆರಳ ತುದಿಗಳು ಸವೆದು ಕೆಂಪಾಗಿದ್ದವು. ಸಕ್ಕರೆ ಇರುವವಳು, ಗಾಯವಾದರೆ ಮಾಯುವುದಿಲ್ಲ ಎಂದು ನಾನು ಗದರಿದೆ. ಸಾಕು, ನುಣ್ಣಗಾಗಿದೆ ಎಂದು ಹೇಳಿದರೂ ಅವಳಿಗೆ ಎಲ್ಲೋ ಒಂದು ತರಿ ಸಿಗುತ್ತಲೇ ಇತ್ತು.

ಕೊನೆಗೆ ನಾನೇ ಹಟ ಹಿಡಿದು ಹಾಸನದಿಂದ ಸ್ಪ್ರೇ ಡಬ್ಬಿ ತಂದೆ. ಯಾವ ಬಣ್ಣ ಎಂದು ಅವಳು ಕೇಳಲಿಲ್ಲ. ನಾನೇ, "ನೀಲಿ ಕಣಕ್ಕಾ, ತಳಕ್ಕೆ ಕೆಂಪು" ಅಂದೆ. "ಊಂ" ಅಂದಳು. ಹಿತ್ತಲಲ್ಲಿ ಹೊಡೆಯುವಾಗ ವಾಸನೆಗೆ ಸೆರಗು ಮುಚ್ಚಿಕೊಂಡು ದೂರದಲ್ಲಿ ನಿಂತಿದ್ದಳು.

ಒಣಗಿದ ಮೇಲೆ ಅವಳ ಕೈಗಿತ್ತೆ. ಮೂತಿಯಿಂದ ಹಿಂದಿನ ತುದಿಯವರೆಗೆ ಸವರಿದಳು. ತಿರುಗಿಸಿ ತಳ ಸವರಿದಳು. ಎಲ್ಲೂ ಬೆರಳು ತಡೆಯಲಿಲ್ಲ.

"ಚೆನ್ನಾಗ್ ಬಂದದಾ?"

"ತುಂಬಾ ಚೆನ್ನಾಗಿ ಬಂದದೆ ಅಕ್ಕ."

"ಇರಬೌದು ಬುಡು. ಈಗ ನನ್ ಕೈಗೂ ಏನೂ ಗೊತ್ತಾಗಾಕಿಲ್ಲ," ಎಂದು ವಾಪಸು ಕೊಟ್ಟಳು.

ದೋಣಿಯನ್ನು ಪಕ್ಕಕ್ಕಿಟ್ಟೆ. ಟೀ ಮಾಡಿ ತಂದೆ. ಅವಳು ಲೋಟ ಹಿಡಿದು ಬಚ್ಚಲ ಪಕ್ಕದ ಕಟ್ಟೆಯ ಮೇಲೆ ಕೂತೇ ಇದ್ದಳು, ಟೀ ಆರಿತು. ಮುಂದಿನ ಭಾನುವಾರ ಹೋದಾಗಲೂ ಅಲ್ಲೇ ಕೂತಿದ್ದಳು. ಕೈ ಎರಡೂ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.