ಗಲ್ಲಕ್ಕೆ ಬಂದ ಅರಿಶಿಣ

"ಬ್ಯಾಡ ಆಯಿ, ವೈನಿಯ ಆ ಗಲ್ಲ ಮುಟ್ಟಬ್ಯಾಡ್ರಿ!" ಎಂದು ನನ್ನ ನಾದಿನಿ ಕೂಗುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿಯ ಅರಿಶಿಣದ ಕೈ ನನ್ನ ಬಲಗೆನ್ನೆಗೆ ಬಂದೇಬಿಟ್ಟಿತ್ತು.

ಅಕ್ಕಲಕೋಟದ ನಾದಿನಿಯ ಮನೆಯಲ್ಲಿ ಅಂದು ಅರಿಶಿಣ-ಕುಂಕುಮ. ನಾನು ಸೆರಗು ಬಿಗಿಹಿಡಿದು ಕಣ್ಣು ಮುಚ್ಚಿದೆ. ಮುಖದ ನರದ ಬೇನೆಯಿಂದ ಆ ಕೆನ್ನೆಗೆ ಫ್ಯಾನಿನ ಗಾಳಿ ತಾಗಿದರೂ ಕರೆಂಟು ಹೊಡೆದಂತಾಗುತ್ತಿತ್ತು. ಹಲ್ಲಿನ ನೋವೆಂದು ತಿಳಿದು ಒಳ್ಳೆಯ ದವಡೆಹಲ್ಲು ಕೀಳಿಸಿಕೊಂಡದ್ದೂ ಆಗಿತ್ತು. ಕಡೆಗೆ ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿ, ನರವನ್ನು ಒತ್ತುತ್ತಿದ್ದ ರಕ್ತನಾಳವನ್ನು ಸರಿಸಿದ್ದರು. ನೋವು ನಿಂತಿತ್ತು, ಹೆದರಿಕೆ ನಿಂತಿರಲಿಲ್ಲ. ಆ ಕೆನ್ನೆಯನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ, ನಾನೂ ಮುಟ್ಟಿರಲಿಲ್ಲ.

ಏನೂ ಆಗಲಿಲ್ಲ. ಅರಿಶಿಣದ ತಂಪು, ಅಜ್ಜಿಯ ಒರಟು ಬೆರಳು, ಅಷ್ಟೇ.

"ಯಾಕವಾ, ಅಳಾಕತ್ತಿ? ನನ್ನ ಕೈ ಅಷ್ಟ ಬಿರಸ ಅದಾವೇನ?" ಎಂದರು ಅಜ್ಜಿ.

"ಇಲ್ರಿ ಆಯಿ. ಇನ್ನೊಮ್ಮಿ ಹಚ್ಚರಿ."

"ಒಂದ ಸಲ ಹಚ್ಚಿದ್ದು ಸಾಲಂಗಿಲ್ಲಂತ ನಮ್ಮ ವೈನಿಗೆ!" ಎಂದು ನಾದಿನಿ ನಕ್ಕಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಸಂಜೆ ಮನೆಗೆ ಬಂದಾಗ ಮುಖ ತೊಳೆಯಲು ಮನಸ್ಸೇ ಬರಲಿಲ್ಲ. ಹಾಗೆಯೇ ದೇವರ ಮುಂದೆ ದೀಪ ಹಚ್ಚಿದೆ. ಏನನ್ನೂ ಬೇಡದೆ ಬರೀ ಕೈಮುಗಿದು ಎದ್ದು ಬಂದದ್ದು ಎಷ್ಟೋ ದಿನಗಳ ಮೇಲೆ ಅಂದೇ.